ಬದಲಿ ಇಲ್ಲದ ಪಾಳಿ

ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ಪಾಳಿ ಎಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭೋಂಗಾ ಕೂಗಿತೆಂದರೆ ಮುಂದಿನ ಪಾಳಿಯವನು ಬಂದು ಯಂತ್ರದ ಮುಂದೆ ನಿಲ್ಲುತ್ತಾನೆ; ಹಿಂದಿನವನು ಮೈಗೆ ಹತ್ತಿದ ಅರಳೆ ಝಾಡಿಸಿಕೊಂಡು ಮನೆಗೆ ನಡೆಯುತ್ತಾನೆ. ಒಬ್ಬನಿಗೆ ಜಡ್ಡಾದರೆ ಬದಲಿಯವನು ಬರುತ್ತಾನೆ. ವಾರಕ್ಕೊಂದು ದಿನ ಸೂಟಿ ಇದೆ. ಯಂತ್ರಕ್ಕೂ ಎಣ್ಣೆ ಹಾಕಲು, ಒರೆಸಲು ನಿಲ್ಲಿಸುವ ಹೊತ್ತು ಎಂಬುದಿದೆ. ಇದಾವುದೂ ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ; ಹಿಂದಿನವರು ಹೋರಾಡಿ ಪಡೆದದ್ದು.

ಆದರೆ ನಮ್ಮ ಮನೆಗಳ ಒಳಗೆಯೇ ಇನ್ನೊಂದು ಪಾಳಿ ನಡೆದಿದೆ. ಅದಕ್ಕೆ ಭೋಂಗಾ ಇಲ್ಲ, ಸೂಟಿ ಇಲ್ಲ, ಪಗಾರವಿಲ್ಲ, ಬದಲಿಯವರಂತೂ ಇಲ್ಲವೇ ಇಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆ, ನೆನಪು ಕಳೆದುಕೊಂಡ ತಂದೆ, ಬುದ್ಧಿಭ್ರಮಣೆಯಾದ ತಮ್ಮ, ಹುಟ್ಟಿನಿಂದ ಕೈಕಾಲು ಬಾರದ ಮಗು, ಇವರ ಮಗ್ಗುಲಲ್ಲಿ ವರ್ಷಾನುವರ್ಷ ಕುಳಿತವರ ಪಾಳಿ ಅದು. ರೋಗಿಯ ಬಗೆಗೆ ಡಾಕ್ಟರರು ಮಾತಾಡುತ್ತಾರೆ, ಬೀಗರು ಮಾತಾಡುತ್ತಾರೆ, ಒಮ್ಮೊಮ್ಮೆ ಸರಕಾರವೂ ಮಾತಾಡುತ್ತದೆ. ಮಗ್ಗುಲಲ್ಲಿ ಕುಳಿತವರ ಬಗೆಗೆ ಮಾತಾಡುವವರು ಯಾರು?

ಗೋಕಾಕದ ಒಂದು ಓಣಿಯಲ್ಲಿ ಇಂಥ ಒಬ್ಬ ತಾಯಿಯನ್ನು ಕಂಡೆ. ಗಂಡ ಗಿರಣಿ ಕಾಮಗಾರ. ಎರಡು ಖೋಲಿಯ ಮನೆ. ಅತ್ತೆಗೆ ಬಲಗಡೆಯ ಮೈ ಹೋಗಿ 9 ವರ್ಷ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅತ್ತೆಯ ಬಟ್ಟೆ ಬದಲಿಸಿ, ಮೈ ಒರೆಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಹೊರಳಿಸಿ, ಗಂಜಿ ಕುಡಿಸಿ, ಆಮೇಲೆ ಗಂಡನ ಬುತ್ತಿ, ಮಕ್ಕಳ ಶಾಲೆ. ರಾತ್ರಿ ಎರಡು ಸಲ ಮತ್ತೆ ಮಗ್ಗುಲು ಹೊರಳಿಸಬೇಕು. ತವರಿನಲ್ಲಿ ತಮ್ಮನ ಲಗ್ನವಾದಾಗ ಅಕ್ಕಿಕಾಳು ಬೀಳುವ ಹೊತ್ತಿಗೆ ಹೋಗಿ, ಊಟಕ್ಕೂ ನಿಲ್ಲದೆ ತಿರುಗಿ ಬಂದವಳು. ನಾನು ರೂಢಿಯಂತೆ, "ಅತ್ತೆಯವರು ಹೇಗಿದ್ದಾರೆ, ತಂಗಿ?" ಎಂದು ಕೇಳಿದೆ. ಆಕೆ ನಕ್ಕಂತೆ ಮಾಡಿ ಹೇಳಿದಳು: "ಮಾಸ್ತರ, ಬಂದವರೆಲ್ಲಾ ಅತ್ತಿ ಹ್ಯಾಂಗದಾಳ ಅಂತ ಕೇಳ್ತಾರ. ಒಂಬತ್ತು ವರ್ಷದಾಗ ನೀ ಹ್ಯಾಂಗದಿ ಅಂತ ಒಬ್ಬರೂ ಕೇಳಿಲ್ರಿ."

ಈ ಮಾತು ನನ್ನನ್ನು ಇರಿಯಿತು. ಸಭೆಗಳಲ್ಲಿ ದುಡಿಮೆಯ ವಿಷಯ ಗಂಟೆಗಟ್ಟಲೆ ಮಾತಾಡುವ ನಾನು, ಕಣ್ಣೆದುರಿಗಿದ್ದ ಈ ದುಡಿಮೆಯನ್ನು ದುಡಿಮೆಯೆಂದೇ ಎಣಿಸಿರಲಿಲ್ಲ.

ಈ ಕಷ್ಟ ಒಂದೇ ದಿನ ಬಂದು ಎರಗುವುದಿಲ್ಲ. ವರ್ಷದಿಂದ ವರ್ಷಕ್ಕೆ ರೂಪ ಬದಲಿಸುತ್ತ ಬೆಳೆಯುತ್ತದೆ. ಮೊದಲ ತಿಂಗಳು ಮನೆ ತುಂಬ ಜನ. ಬೀಗರು ಬರುತ್ತಾರೆ, ಓಣಿಯವರು ಬರುತ್ತಾರೆ, ಒಬ್ಬರು ಬಾಳೆಹಣ್ಣು ತಂದರೆ ಇನ್ನೊಬ್ಬರು ನಾಟಿ ಔಷಧ ಹೇಳುತ್ತಾರೆ. ನೋಡಿಕೊಳ್ಳುವವರ ಮನಸ್ಸಿನಲ್ಲಿಯೂ ಛಲವಿರುತ್ತದೆ: ಏನಾದರೂ ಮಾಡಿ ಎಬ್ಬಿಸಿ ನಿಲ್ಲಿಸುತ್ತೇವೆ ಎಂಬ ಆಸೆ. ಒಂದು ವರ್ಷವಾಗುವಷ್ಟರಲ್ಲಿ ಜನ ಕಡಿಮೆಯಾಗುತ್ತಾರೆ, ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಇದ್ದ ಬಂಗಾರ ಒತ್ತೆ ಹೋಗುತ್ತದೆ. ಮೂರನೆಯ ವರ್ಷಕ್ಕೆ ಆಸೆ ಹೋಗಿ ರೂಢಿ ಉಳಿಯುತ್ತದೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆಯನ್ನು ನಾವು ರೋಗಿಗೆ ಹಚ್ಚಿ ಹೇಳುತ್ತೇವೆ. ಆದರೆ ಅದು ಹೆಚ್ಚು ಹೊಂದುವುದು ಮಗ್ಗುಲಲ್ಲಿ ಕುಳಿತವರಿಗೆ.

ಆಮೇಲೆ ಬರುವುದು ಬೇರೆಯೇ ಬಗೆಯ ಬೇನೆ. ನಿದ್ದೆ ತುಂಡು ತುಂಡಾಗುತ್ತದೆ. ಸೊಂಟ ಹಿಡಿಯುತ್ತದೆ. ಉಣ್ಣುವ ಹೊತ್ತಿಗೆ ಹಸಿವಿಲ್ಲ, ಹಸಿದಾಗ ಹೊತ್ತಿಲ್ಲ. ಸಣ್ಣ ಮಾತಿಗೆ ಸಿಟ್ಟು, ಸಿಟ್ಟಾದ ಮೇಲೆ ಅಳು. ಮಕ್ಕಳ ಬೆನ್ನಿಗೆ ಎರಡೇಟು ಬೀಳುತ್ತವೆ, ಆಮೇಲೆ ಹೊಡೆದ ಕೈಯನ್ನೇ ನೋಡುತ್ತ ಕೂಡುವುದು. ಎಲ್ಲಕ್ಕಿಂತ ಕಠಿಣವಾದ ಮಾತನ್ನು ಆ ತಾಯಿ ದನಿ ಇಳಿಸಿ ಹೇಳಿದಳು: "ಒಂದೊಂದ ಸಲ ಮುದುಕಿ ಹೋದ್ರ ಛಲೋ ಅನಸ್ತದ್ರಿ. ಆಮ್ಯಾಲ ನಾ ಎಂಥಾ ಪಾಪಿ ಅಂತ ರಾತ್ರಿ ಎಲ್ಲಾ ಅಳತೇನಿ."

ವಾಚಕ ಬಂಧುಗಳೇ, ಆಕೆ ಪಾಪಿಯಲ್ಲ. 9 ವರ್ಷ ಬದಲಿ ಇಲ್ಲದೆ ಪಾಳಿ ನಡೆಸಿದ ಯಾರ ಮನಸ್ಸಿನಲ್ಲಾದರೂ ಇಂಥ ಯೋಚನೆ ಬಂದೀತು. ಬಂದರೂ ಆಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮತ್ತೆ ಅದೇ ಅತ್ತೆಯ ಬಟ್ಟೆ ಬದಲಿಸುತ್ತಾಳೆ. ಪುಣ್ಯವೆಂಬುದು ಇದ್ದರೆ ಅದೇ.

ಇದೆಲ್ಲ ಹೆಂಗಸರ ಗೊಣಗಾಟ, ಮನಸ್ಸಿನ ದುರ್ಬಲತೆ ಎಂದು ತಳ್ಳಿಹಾಕುವವರು ಉಂಟು. ಅವರಿಗಾಗಿ ನಮ್ಮ ನಾಡಿನದೇ ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶೈಲಾ ಪೈ ಮತ್ತು ಡಾ. ಆರ್. ಎಲ್. ಕಪೂರ್ ಎಂಬವರು ಮನೋರೋಗಿಗಳ ಮನೆಯವರ ಮೇಲೆ ಬೀಳುವ ಭಾರವನ್ನು ಅಳೆಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿ 1981ರಲ್ಲಿ ಪ್ರಕಟಿಸಿದರು. ಸೇರಿನಿಂದ ಕಾಳು ಅಳೆದಂತೆ ಅವರು ಈ ಭಾರವನ್ನು ಆರು ಬಗೆಯಾಗಿ ವಿಂಗಡಿಸಿ ಅಳೆದರು: ಹಣದ ಹೊರೆ, ದಿನದ ಕೆಲಸಕ್ಕೆ ಬೀಳುವ ತಡೆ, ವಿರಾಮ ವಿನೋದಗಳ ನಷ್ಟ, ಮನೆಯವರೊಳಗಿನ ಒಡಕು, ಉಳಿದವರ ಮೈಯ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ. ಮೇಲೆ ಹೇಳಿದ ತಾಯಿಯ ಸಂಸಾರವನ್ನು ಈ ಆರರ ಮೇಲೆ ಇಟ್ಟು ನೋಡಿರಿ; ಒಂದೂ ತಪ್ಪುವುದಿಲ್ಲ.

ಹೊರದೇಶದ ಮಾತೂ ಇದೇ. ಅಮೇರಿಕೆಯಲ್ಲಿ ರೋಗಿಯಾದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವೃದ್ಧರನ್ನು 4 ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಆರೈಕೆಯ ಭಾರದಿಂದ ನಲುಗಿದವರು ಸಾಯುವ ಸಂಭವ, ಅಂಥ ಭಾರವಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚೆಂದು ಕಂಡುಬಂತು. 1995ರ ಇನ್ನೊಂದು ಪ್ರಯೋಗದಲ್ಲಿ, ನೆನಪು ಕಳೆದುಕೊಂಡ ಹಿರಿಯರನ್ನು ನೋಡಿಕೊಳ್ಳುವ ಹೆಂಗಸರ ತೋಳಿಗೆ ಮಾಡಿದ ಸಣ್ಣ ಗಾಯ ಮಾಯಲು, ಉಳಿದವರ ಗಾಯಕ್ಕಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತು. ಮನಸ್ಸಿನ ದಣಿವು ಚರ್ಮದ ಕೆಳಗೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈ ದುಡಿಮೆ ಯಾರ ಹೆಗಲ ಮೇಲಿದೆ? ಭಾರತ ಸರಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇಕಡಾ 41 ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದು, ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ತೊಡಗಿದವರು ಶೇಕಡಾ 21ರಷ್ಟು. ಅವರು ಕೊಡುವ ಹೊತ್ತು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ, ನಿಜ. ಆದರೆ ಅಡಿಗೆ, ನೀರು, ಮುಸುರೆ ಇದರಲ್ಲಿ ಸೇರಿಲ್ಲ. ಅದರ ಲೆಕ್ಕ ಬೇರೆ.

ಈ ಲೆಕ್ಕದಲ್ಲಿ ಬಾರದವರೂ ಇದ್ದಾರೆ. ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಆರನೆಯ ಇಯತ್ತೆಯ ಒಬ್ಬ ಹುಡುಗಿ ವಾರಕ್ಕೆ ಎರಡು ಮೂರು ದಿನ ಬರುತ್ತಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕುತ್ತ ಹೋದೆ. ಬಂದ ದಿನ ಎಲ್ಲರೆದುರು ನಿಲ್ಲಿಸಿ ಬೈದೆ. ಆಕೆ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ಅಜ್ಜಿಯನ್ನು ಬಿಟ್ಟು ತಾಯಿ ಕೂಲಿಗೆ ಹೋಗುತ್ತಿದ್ದಳೆಂದೂ, ತಾಯಿಗೆ ಕೂಲಿ ಸಿಕ್ಕ ದಿನವೇ ಮಗಳಿಗೆ ಶಾಲೆ ತಪ್ಪುತ್ತಿತ್ತೆಂದೂ ಮುಂದೆ ತಿಳಿಯಿತು. ಆಗ ಆಕೆ ಶಾಲೆ ಬಿಟ್ಟಾಗಿತ್ತು. ಆ ಗೈರುಹಾಜರಿಗಳು ಇಂದಿಗೂ ನನ್ನ ಲೆಕ್ಕದಲ್ಲಿಯೇ ಇವೆ.

ಗಂಡಸರೂ ಈ ಭಾರದಿಂದ ಹೊರತಲ್ಲ. ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯಲ್ಲಿ ಒಬ್ಬ ಕಿರಾಣಿ ಅಂಗಡಿಕಾರರು ಬುದ್ಧಿಭ್ರಮಣೆಯಾದ ತಮ್ಮನನ್ನು ನೋಡಿಕೊಳ್ಳುತ್ತಾರೆ. ತಮ್ಮ ಗುಳಿಗೆ ನಿಲ್ಲಿಸಿದನೆಂದರೆ ರಾತ್ರೋರಾತ್ರಿ ಊರು ಬಿಡುತ್ತಾನೆ. ಹುಡುಕಲು ಅಣ್ಣ ಹೋಗಬೇಕು. ಸಂತೆಯ ದಿನವೇ ಅಂಗಡಿಗೆ ಬೀಗ. ಗಿರಾಕಿ ಬೇರೆ ಅಂಗಡಿಗೆ ಹೋದರೆ ಉದ್ರಿಯ ವಸೂಲಿಯೂ ಅದರೊಡನೆ ಹೋಗುತ್ತದೆ. ಅವರ ಮಗಳ ಮಾತುಕತೆಗೆ ಬಂದವರು, "ಇವರ ಮನೆತನದಾಗ ಹುಚ್ಚ ಐತಿ" ಎಂದು ತಿರುಗಿ ಹೋದರು. ಅಂಗಡಿಕಾರನಿಗೆ ಯಾವ ರಜೆ? ಯಾವ ವಿಮೆ? ಅಂಗಡಿ ಮುಚ್ಚಿದ ದಿನ ಅವನ ಒಲೆಯೂ ಮುಚ್ಚಿದ ಹಾಗೆಯೇ.

ಗಿರಣಿ ಕಾಮಗಾರನಿಗಾದರೂ ಏನಿದೆ? 1948ರಲ್ಲಿ ಬಂದ ಕಾಮಗಾರರ ವಿಮೆಯ ಪದ್ಧತಿಯಲ್ಲಿ ತನಗೆ ಜಡ್ಡಾದರೆ ವರ್ಷಕ್ಕೆ 91 ದಿನದವರೆಗೆ ಶೇಕಡಾ 70ರಷ್ಟು ಪಗಾರ ದೊರೆಯುತ್ತದೆ. ಮನೆಯವರ ಔಷಧೋಪಚಾರಕ್ಕೂ ಅವಕಾಶವಿದೆ. ಆದರೆ ಜಡ್ಡಾದ ತಾಯಿಯ ಬಳಿ ಕುಳಿತ ದಿನಕ್ಕೆ ಒಂದು ಕಾಸೂ ಇಲ್ಲ. ದುಡಿದ 20 ದಿನಕ್ಕೆ 1 ದಿನದಂತೆ ಕೂಡಿಬರುವ ಪಗಾರಿ ರಜೆಯನ್ನೇ ದವಾಖಾನೆಯ ಕಟ್ಟೆಯ ಮೇಲೆ ಕಳೆಯಬೇಕು. ಅದೇ ಕೇಂದ್ರ ಸರಕಾರದ ನೌಕರಿಯಲ್ಲಿರುವ ತಾಯಿಗೆ ಮಕ್ಕಳ ಪಾಲನೆಗೆಂದು ಸೇವೆಯ ಅವಧಿಯಲ್ಲಿ 730 ದಿನದ ರಜೆ ಉಂಟು. ಅವರಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಬೇಕಾದದ್ದನ್ನೇ ಕೊಟ್ಟಿದ್ದಾರೆ. ಕಚೇರಿಯಲ್ಲಿ ಕುಳಿತ ತಾಯಿಯ ಮಗುವಿಗೆ ಬರುವ ಜ್ವರ, ನೂಲಿನ ಯಂತ್ರದ ಮುಂದೆ ನಿಂತ ತಾಯಿಯ ಮಗುವಿಗೂ ಬರುತ್ತದೆಯಲ್ಲ ಎಂದಷ್ಟೇ ಕೇಳುತ್ತೇನೆ. ಮನೆಯ ಹೊಣೆ ಹೊತ್ತ ಕಾಮಗಾರರನ್ನು ಕುರಿತು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1981ರಲ್ಲಿಯೇ ಒಂದು ಒಪ್ಪಂದ ಮಾಡಿತು. ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಈಗ ಎದುರುವಾದಗಳನ್ನು ನೋಡೋಣ. "ತಾಯಿತಂದೆಯರ ಸೇವೆ ನಮ್ಮ ಧರ್ಮ, ಇದರಲ್ಲಿ ಸರಕಾರಕ್ಕೇನು ಕೆಲಸ?" ಎನ್ನುವವರಿದ್ದಾರೆ. ಧರ್ಮ ಹೌದು. ಆದರೆ ಈ ಧರ್ಮವನ್ನು ಉಪದೇಶಿಸುವವರು ಒಬ್ಬರು, ಪಾಲಿಸುವವರು ಇನ್ನೊಬ್ಬರು ಎಂಬಂತಾಗಿದೆ. ಮಗನ ಧರ್ಮವನ್ನು ಸೊಸೆ ಪಾಲಿಸುತ್ತಾಳೆ. ಮೆಚ್ಚುಗೆ ಮಗನಿಗೆ ಸಲ್ಲುತ್ತದೆ. ಮೇಲಾಗಿ, ಧರ್ಮ ಪಾಲಿಸುವವನಿಗೆ ನಿದ್ದೆ ಬೇಡವೆಂದು ಯಾವ ಶಾಸ್ತ್ರದಲ್ಲಿದೆ?

"ಹಿಂದಿನವರು ಮಾಡಲಿಲ್ಲವೇ?" ಎನ್ನುತ್ತಾರೆ ಇನ್ನು ಕೆಲವರು. ಮಾಡಿದರು. ಆಗ ಒಂದು ಮನೆಯಲ್ಲಿ ಹತ್ತು ಹನ್ನೆರಡು ಕೈಗಳಿದ್ದವು. ನಾದಿನಿ, ನೆಗೆಣ್ಣಿ, ವಿಧವೆ ಅತ್ತೆ, ಇವರೆಲ್ಲ ಸೇರಿ ಪಾಳಿ ಹಂಚಿಕೊಳ್ಳುತ್ತಿದ್ದರು. ಅವರ ಮೇಲಾದ ಅನ್ಯಾಯವೂ ಸಣ್ಣದಲ್ಲ, ಆ ಮಾತು ಬೇರೆ. ಲಕ್ವಾ ಹೊಡೆದವರು ಆಗ ಬಹಳ ದಿನ ಬದುಕುತ್ತಿರಲಿಲ್ಲ. ಇಂದು ಔಷಧ ಜೀವ ಉಳಿಸುತ್ತದೆ. ಉಳಿದ ಜೀವವನ್ನು ನೋಡಿಕೊಳ್ಳುವ ಕೈಗಳು ಮಾತ್ರ ಕಡಿಮೆಯಾಗಿವೆ. ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಇಚಲಕರಂಜಿಯಲ್ಲಿ, ಮಗಳು ಗಂಡನ ಮನೆಯಲ್ಲಿ. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ರೋಗ ಉಂಟೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಒಬ್ಬೊಬ್ಬರ ಹಿಂದೆ ಒಬ್ಬರಾದರೂ ಎಚ್ಚರ ಕೂಡಬೇಕು. ಎಷ್ಟು ಲಕ್ಷ ಜನರ ನಿದ್ದೆ ಇದು, ಲೆಕ್ಕ ಹಾಕಿರಿ.

"ರೊಕ್ಕ ಕೊಟ್ಟರೆ ಮಮತೆ ಹೋಗುತ್ತದೆ" ಎಂಬುದು ಮೂರನೆಯ ಮಾತು. ಪಗಾರ ತೆಗೆದುಕೊಂಡೆನೆಂದು ಯಾವ ಮಾಸ್ತರನೂ ಮಕ್ಕಳ ಮೇಲಿನ ಪ್ರೀತಿ ಬಿಡಲಿಲ್ಲ. ಮಮತೆಯನ್ನು ಕೊಲ್ಲುವುದು ರೊಕ್ಕವಲ್ಲ, ದಣಿವು.

ಕಾಯ್ದೆಯಲ್ಲಿ ಏನೂ ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಇದೆ. ನಮ್ಮ ರಾಜ್ಯ ಸರಕಾರ 2024-25ರ ಮುಂಗಡಪತ್ರದಲ್ಲಿ ನಾಲ್ಕು ರೋಗಗಳ ಹೆಸರು ಹೇಳಿ, ಅಂಥವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಸಾರಿತು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್. ಆರೈಕೆ ಮಾಡುವವರು ಎಂಬ ಜನರಿದ್ದಾರೆಂದು ಮುಂಗಡಪತ್ರ ಒಪ್ಪಿಕೊಂಡಿತಲ್ಲ, ಅದಕ್ಕೆ ಮೆಚ್ಚುಗೆ ಹೇಳೋಣ. ಆದರೆ ದಿನಕ್ಕೆ 33 ರೂಪಾಯಿ. ಲಕ್ವಾದ ಹೆಸರು ಅದರಲ್ಲಿಲ್ಲ, ಮರೆವಿನದಿಲ್ಲ, ಬುದ್ಧಿಭ್ರಮಣೆಯದಿಲ್ಲ. ಮಗ್ಗುಲು ಹೊರಳಿಸುವ ಕೈಗೆ ರೋಗದ ಹೆಸರು ಗೊತ್ತಿರುವುದಿಲ್ಲ; ಭಾರ ಮಾತ್ರ ಗೊತ್ತಿರುತ್ತದೆ.

ಇನ್ನು ಉಪಾಯವೇನು? ಮತ್ತೆ ಶೈಲಾ ಪೈ ಮತ್ತು ಕಪೂರರ ಕಡೆಗೆ ತಿರುಗೋಣ. ಭಾರವನ್ನು ಅಳೆದು ಅವರು ಸುಮ್ಮನೆ ಕೂಡಲಿಲ್ಲ. ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿ ಇರಿಸಿ, ಇನ್ನು ಕೆಲವರ ಮನೆಗೆ ತರಬೇತಿಯಾದ ನರ್ಸನ್ನು 6 ತಿಂಗಳು ಕಳಿಸಿ ನೋಡಿದರು. ಮನೆಯಲ್ಲಿಯೇ ಉಪಚಾರ ಪಡೆದವರ ಸ್ಥಿತಿ ಹೆಚ್ಚು ಸುಧಾರಿಸಿತು, ಮನೆಯವರ ಭಾರ ಹೆಚ್ಚು ಇಳಿಯಿತು, ಖರ್ಚೂ ಕಡಿಮೆಯಾಯಿತು. ಮನೆಬಾಗಿಲಿಗೆ ಬರುವ ಒಬ್ಬ ನರ್ಸ್, ಗುಳಿಗೆ ನೋಡುತ್ತಾಳೆ, ಮನೆಯವರ ಮಾತು ಕೇಳುತ್ತಾಳೆ. ಇಷ್ಟರಿಂದಲೇ ಈ ಫಲ. ಇದು 1980ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲಿಯೇ ಸಿದ್ಧವಾದ ಮಾತು. ಅಂದು ಹುಟ್ಟಿದ ಮಗುವಿಗೆ ಇಂದು ನಡುವಯಸ್ಸು. ಆ ನರ್ಸ್ ನಮ್ಮ ಹುಕ್ಕೇರಿಯ ಹಳ್ಳಿಗಳಿಗೆ, ಮೂಡಲಗಿಯ ಓಣಿಗಳಿಗೆ ಇನ್ನೂ ಬಂದು ಮುಟ್ಟಿಲ್ಲ.

ಇದ್ದದ್ದನ್ನಾದರೂ ಬಳಸಿಕೊಳ್ಳೋಣ. ತಾಲೂಕಾ ದವಾಖಾನೆಗಳಿಗೆ ಮಂಗಳವಾರ ಮನೋರೋಗದ ಡಾಕ್ಟರರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿರಿ. 2022ರಿಂದ 14416 ಎಂಬ ಫೋನ್ ನಂಬರಿಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಇದು ರೋಗಿಗೆ ಮಾತ್ರವಲ್ಲ, ರೋಗಿಯನ್ನು ನೋಡಿಕೊಂಡು ದಣಿದವರಿಗೂ ಹೌದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಆದರೆ ಅಲ್ಲಿಗೆ ಹೋಗಿಬರಲು ಒಂದು ದಿನದ ದುಡಿಮೆ ಹೋಗುತ್ತದೆ, ಮನೆಯಲ್ಲಿ ಬಿಟ್ಟ ರೋಗಿಗೆ ಬದಲಿ ಹುಡುಕಬೇಕು. ಬಸ್ಸಿನ ಚಾರ್ಜಿಗಿಂತ ಈ ಬದಲಿಯೇ ದುಬಾರಿ.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು. ಮನೆಯವರ ದೀರ್ಘ ಜಡ್ಡಿಗೆ ಕಾಮಗಾರನಿಗೆ ವರ್ಷಕ್ಕೆ ಕೆಲವು ದಿನವಾದರೂ ಪಗಾರಿ ರಜೆ ಬೇಕು. ಭತ್ಯೆಯನ್ನು ರೋಗದ ಹೆಸರು ನೋಡಿ ಅಲ್ಲ, ಆರೈಕೆಯ ಭಾರ ನೋಡಿ ಕೊಡಬೇಕು. ಅದು ಆರೈಕೆ ಮಾಡುವವರ ಕೈಗೇ ಬರಬೇಕು. ಪ್ರತಿ ಆರೋಗ್ಯ ಕೇಂದ್ರದಿಂದ ಮನೆಮನೆಗೆ ಹೋಗುವ ನರ್ಸ್ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ದವಾಖಾನೆಗಳಲ್ಲಿ ನಾಲ್ಕು ಹಾಸಿಗೆಗಳನ್ನಾದರೂ ಈ ಕೆಲಸಕ್ಕೆಂದೇ ಇಡಬೇಕು. ವರ್ಷಕ್ಕೆ ಒಂದು ವಾರ ರೋಗಿಯನ್ನು ಅಲ್ಲಿ ಬಿಟ್ಟು, ನೋಡಿಕೊಳ್ಳುವವರು ಮಗಳ ಬಾಣಂತನಕ್ಕೋ ತಮ್ಮನ ಲಗ್ನಕ್ಕೋ ಹೋಗಿಬರುವಂತಾಗಬೇಕು. ಇನ್ನೊಂದು ಮಾತು: 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆಂಬ ಯಾದಿ ಮೊದಲೇ ಸಿದ್ಧವಿದ್ದರೆ, ಮುಂದಿನ ನೆರೆಯಲ್ಲಿ ಒಬ್ಬಳೇ ಸೊಸೆ ಅತ್ತೆಯನ್ನು ಬೆನ್ನಿಗೆ ಹೊತ್ತು ನಡೆಯಬೇಕಾಗುವುದಿಲ್ಲ.

ಸರಕಾರ ಕೊಡುವವರೆಗೆ ಕೈಕಟ್ಟಿ ಕೂಡಬೇಕೇ? ನಮ್ಮ ನೆಲದ ಜನ ಹಾಗೆ ಕುಳಿತವರಲ್ಲ. ಹಳ್ಳಿಗೆ ವಿದ್ಯುತ್ತು ಬೇಕೆಂದು ಹುಕ್ಕೇರಿಯವರು 1969ರಲ್ಲಿ ಸಹಕಾರ ಸಂಘವನ್ನೇ ಕಟ್ಟಿದರು. ಸಂಕೇಶ್ವರದಲ್ಲಿ ಸಹಕಾರದ ಸಕ್ಕರೆ ಕಾರಖಾನೆ ಬಂತು, ಘಟಪ್ರಭೆಯಲ್ಲಿ ಸಹಕಾರದ ಆಸ್ಪತ್ರೆ ಎದ್ದಿತು. ದೀಪಕ್ಕೆ, ಸಕ್ಕರೆಗೆ, ಔಷಧಕ್ಕೆ ಕೂಡಿದ ಕೈಗಳು, ಒಬ್ಬ ದಣಿದ ತಾಯಿಗೆ ವಾರಕ್ಕೊಂದು ರಾತ್ರಿ ನಿದ್ದೆ ಕೊಡಲು ಕೂಡಲಾರವೇ? ಓಣಿಯಲ್ಲಿ ಹತ್ತು ಮನೆ ಸೇರಲಿ. ಯಾರ ಮನೆಯಲ್ಲಿ ದೀರ್ಘ ಜಡ್ಡಿದೆ ಎಂದು ಬರೆದಿಡಲಿ. ಎರಡೆರಡು ತಾಸು ಹಂಚಿಕೊಳ್ಳಲಿ. ಕಾಮಗಾರರ ಸಂಘ, ವ್ಯಾಪಾರಸ್ಥರ ಸಂಘಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನೂ ಒಂದು ಕಲಮಾಗಿ ಸೇರಿಸಲಿ. ಗಂಡಸರಿಗೆ ಬೇರೆಯಾಗಿ ಒಂದು ಮಾತು: ಪಾಳಿ ಮುಗಿಸಿ ಮನೆಗೆ ಹೋದವರು ಚಹಾ ಕೇಳುವ ಮೊದಲು ತಾಯಿಯ ಮಗ್ಗುಲು ಹೊರಳಿಸುವುದನ್ನು ಕಲಿಯಿರಿ. ಅದು ಹೆಂಡತಿಗೆ ಮಾಡುವ ಉಪಕಾರವಲ್ಲ, ತಾಯಿ ನಿಮ್ಮವಳು.

ಆ ತಾಯಿಯ ಮನೆಗೆ ಇನ್ನೊಮ್ಮೆ ಹೋಗಿದ್ದೆ. ಓಣಿಯ ಇಬ್ಬರು ಹೆಂಗಸರು ಬುಧವಾರ ಮಧ್ಯಾಹ್ನ ಅತ್ತೆಯ ಬಳಿ ಕೂಡಲು ಒಪ್ಪಿಕೊಂಡಿದ್ದರು. "ಆ ಎರಡು ತಾಸು ಏನು ಮಾಡುತ್ತೀರಿ ತಂಗಿ?" ಎಂದೆ. "ಏನೂ ಮಾಡೂದಿಲ್ರಿ ಮಾಸ್ತರ, ಮಲಗತೇನಿ" ಎಂದಳು.

ಇದು ದೊಡ್ಡ ಕ್ರಾಂತಿಯಲ್ಲ. ಆದರೆ 9 ವರ್ಷದ ಪಾಳಿಗೆ ಮೊದಲ ಸಲ ಒಬ್ಬ ಬದಲಿ ಬಂದಂತಾಯಿತು. ಈ ವಾರ ನಿಮ್ಮ ಓಣಿಯಲ್ಲಿ ಇಂಥ ಒಂದು ಮನೆಗೆ ಹೋಗಿರಿ. ರೋಗಿಯ ಯೋಗಕ್ಷೇಮ ಕೇಳಿರಿ. ಆಮೇಲೆ ಮಗ್ಗುಲಲ್ಲಿ ಕುಳಿತವರ ಕಡೆ ತಿರುಗಿ, ನೀವು ಹೇಗಿದ್ದೀರಿ ಎಂದು ಕೇಳಿರಿ. ಉತ್ತರ ಬರುವವರೆಗೆ ಏಳಬೇಡಿರಿ.